ಗುಂಪಿಗೆ ಸಿಕ್ಕ ಅಂತರ ಒಂಟಿ ಸವಾರನಿಗೂ ಸಿಗಲಿ

ಮಾನ್ಯ ಸಂಪಾದಕರೇ,

ರಸ್ತೆ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಕಳೆದ ಭಾನುವಾರ ನಡೆದ ಸಾಮೂಹಿಕ ಸೈಕಲ್ ಸವಾರಿಯಲ್ಲಿ ನಾನೂ ಪಾಲ್ಗೊಂಡಿದ್ದೆ. ಮುಂದೆ ಮತ್ತು ಹಿಂದೆ ಅನುಭವಿಗಳು, ನಡುವೆ ಮಕ್ಕಳು ಹಾಗೂ ಹೊಸಬರು ಇರುವಂತೆ ಸಾಲುಗೂಡಿ ಹೊರಟ ನಮ್ಮನ್ನು ಕಂಡು ಕಾರುಗಳು ವೇಗ ತಗ್ಗಿಸಿದವು. ಎದುರಿನ ದಾರಿ ತೆರವಾಗುವವರೆಗೂ ಕಾದು, ಸಾಕಷ್ಟು ದೂರ ಬಿಟ್ಟು ಮುಂದೆ ಸಾಗಿದವು. ಮರುದಿನ ಅದೇ ರಸ್ತೆಯಲ್ಲಿ ಒಬ್ಬನೇ ಕೆಲಸಕ್ಕೆ ಹೋಗುತ್ತಿದ್ದಾಗ ಲಾರಿಯೊಂದು ನನ್ನ ಹ್ಯಾಂಡಲ್‌ನಿಂದ ಗೇಣು ದೂರದಲ್ಲಿ ನುಗ್ಗಿಹೋಯಿತು. ಅದರ ಗಾಳಿಯ ರಭಸಕ್ಕೆ ಸೈಕಲ್ ಓಲಾಡಿದ್ದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಸೈಕಲ್ ಸವಾರ ಗೆರೆ ಎಳೆದಂತೆ ನೇರವಾಗಿ ಸಾಗಲಾರ. ಗುಂಡಿಯನ್ನೋ, ನಿಂತ ಕಾರಿನಿಂದ ಥಟ್ಟನೆ ತೆರೆದುಕೊಳ್ಳುವ ಬಾಗಿಲನ್ನೋ ತಪ್ಪಿಸಲು ಆತ ಪಕ್ಕಕ್ಕೆ ಸರಿಯಲೇಬೇಕಾಗುತ್ತದೆ. ಸೈಕಲ್ಲನ್ನು ದಾಟುವಾಗ ಒಂದರಿಂದ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಹಲವು ದೇಶಗಳ ನಿಯಮಗಳು ಹೇಳುವುದು ಈ ಕಾರಣಕ್ಕೇ. ವೇಗದ ಮಾತೂ ಅಷ್ಟೇ ಮುಖ್ಯ: ವೇಗ ಎರಡು ಪಟ್ಟಾದರೆ ವಾಹನದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ಮತ್ತು ಸವಾರನ ಮೈಗೂ ಆ ಹೊಡೆತಕ್ಕೂ ನಡುವೆ ಯಾವ ರಕ್ಷಣೆಯೂ ಇರುವುದಿಲ್ಲ. ಪಾದಚಾರಿಗಳು, ಸೈಕಲ್ ಸವಾರರು ಮೋಟಾರು ವಾಹನಗಳೊಂದಿಗೆ ಬೆರೆತು ಸಾಗುವ ಕಡೆಗಳಲ್ಲಿ ಗರಿಷ್ಠ ವೇಗ ಗಂಟೆಗೆ 30 ಕಿಲೋಮೀಟರ್ ಇರಲಿ ಎಂದು ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಚಿವರ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆ ಕೇಳಿಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಡೆಯುವವರು, ಸೈಕಲ್ ಅಥವಾ ಮೋಟಾರ್‌ಸೈಕಲ್ ಏರಿದವರು.

ಸವಾರರ ಹೊಣೆಯನ್ನು ನಾನು ಮರೆತಿಲ್ಲ. ರಾತ್ರಿ ದೀಪವಿಲ್ಲದೆ ಹೋಗುವುದು, ಕೈ ತೋರಿಸದೆ ತಿರುಗುವುದು ನಮ್ಮ ಕಡೆಯ ತಪ್ಪುಗಳೇ, ಮತ್ತು ಭಾನುವಾರ ಹೊರಡುವ ಮುನ್ನ ನಮಗೆ ಮೊದಲು ಹೇಳಿಕೊಟ್ಟದ್ದೂ ಇವನ್ನೇ. ಆದರೆ ದೀಪ ಹಚ್ಚಿಕೊಂಡು, ಅಂಚು ಹಿಡಿದು ಸಾಗುವವನನ್ನೂ ಗೇಣು ದೂರದಲ್ಲಿ ದಾಟಿಹೋದರೆ ಆತ ಇನ್ನೇನು ಮಾಡಬಲ್ಲ?

ತಮ್ಮಲ್ಲಿ ಒಂದು ವಿನಂತಿ. ಸೈಕಲ್ ಅಪಘಾತಗಳ ವರದಿಯಲ್ಲಿ ಸವಾರ ಹೆಲ್ಮೆಟ್ ಧರಿಸಿದ್ದನೇ ಎಂಬುದರ ಜೊತೆಗೆ, ಡಿಕ್ಕಿ ಹೊಡೆದ ವಾಹನದ ವೇಗವೆಷ್ಟಿತ್ತು, ಅದು ಎಷ್ಟು ಅಂತರ ಬಿಟ್ಟಿತ್ತು, ಆ ಜಾಗದಲ್ಲಿ ಬೀದಿದೀಪವಿತ್ತೇ ಎಂಬುದನ್ನೂ ದಯವಿಟ್ಟು ವಿಚಾರಿಸಿ ಪ್ರಕಟಿಸಿ.

ಇಂತಿ,
ನಿತ್ಯ ಸೈಕಲ್ ತುಳಿಯುವ ಓದುಗ