ತೀರ್ಪು ಬಂತು, ಈಗ ಕೃತಜ್ಞತೆ ಹೇಳುವ ಸಮಯ

ಎಲ್ಲರಿಗೂ ನಮಸ್ಕಾರ.

ಜನರನ್ನು ಜೀತಕ್ಕಿಟ್ಟು ದುಡಿಸಿದ ಇಟ್ಟಿಗೆ ಗೂಡಿನ ಕೇಸಿನಲ್ಲಿ ಕೊನೆಗೂ ತೀರ್ಪು ಬಂದಿದೆ. ಮಾಲೀಕನಿಗೂ ಶಿಕ್ಷೆ ಆಯಿತು, ಜನರನ್ನು ಒಡಿಶಾದಿಂದ ಕರೆತಂದ ಸರ್ದಾರನಿಗೂ ಆಯಿತು. ನೀವೆಲ್ಲ ಮೊದಲಿನಿಂದಲೂ ಜೊತೆಗಿದ್ದವರು, ಕೇಸಿನ ಕಥೆಯನ್ನು ಮತ್ತೆ ಹೇಳುವುದಿಲ್ಲ. ಒಂದು ರೂಪಾಯಿ ಫೀಸು ತೆಗೆದುಕೊಳ್ಳದ ವಕೀಲರು, ರಾತ್ರೋರಾತ್ರಿ ಹಾಸ್ಟೆಲ್ ಹಾಲಿನ ಬೀಗ ತೆಗೆಸಿಕೊಟ್ಟ ವಾರ್ಡನ್, ಅನ್ನ ಸಾರು ಮಾಡಿ ಕಳಿಸಿದ ಅಕ್ಕಪಕ್ಕದ ಮನೆಯವರು, ಮಕ್ಕಳನ್ನು ನೋಡಿದ ಡಾಕ್ಟರಮ್ಮ, ಒಡಿಶಾದ ಕಾಂಟಾಬಾಂಜಿ ಸ್ಟೇಷನ್ ತನಕ ರೈಲಿನಲ್ಲಿ ಜೊತೆಗೆ ಹೋಗಿ ಬಿಟ್ಟು ಬಂದ ಹುಡುಗರು, ನಿಮಗೆಲ್ಲ ಮನಸಾರೆ ಧನ್ಯವಾದ.

ಆದರೆ ಇವತ್ತು ಬರೆಯಲು ಕೂತದ್ದು ಮುಖ್ಯವಾಗಿ ಒಬ್ಬರಿಗೋಸ್ಕರ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ. ಒಡಿಶಾದ ಬಲಂಗೀರ್ ಜಿಲ್ಲೆಯವರು. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಲೈನಿನಲ್ಲಿ ಪಕ್ಕ ಕೂತವರ ಜೊತೆ ಮಾತಾಡುತ್ತಲೇ ಕನ್ನಡ ಕಲಿತವರು.

ಗೂಡಿನಿಂದ ಎಲ್ಲರನ್ನೂ ಕರೆತಂದ ದಿನ ಸಂಜೆ ನಾವು ಗೆದ್ದಿರಲಿಲ್ಲ. ಹೆಚ್ಚುಕಮ್ಮಿ ಸೋತಿದ್ದೆವು. ಮೊದಲ ಸುತ್ತಿನ ವಿಚಾರಣೆಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಹೊಡೆಯುತ್ತಿದ್ದರಾ? ಕೂಡಿ ಹಾಕಿದ್ದರಾ? ಅದೂ ಹಿಂದಿಯಲ್ಲಿ. ಎಲ್ಲರೂ ತಲೆ ತಗ್ಗಿಸಿ ಇಲ್ಲ ಅಂದರು. ಮಾರನೆ ದಿನ ಎಸಿ (ಅಸಿಸ್ಟೆಂಟ್ ಕಮಿಷನರ್) ಸಾಹೇಬರ ಮುಂದೆಯೂ ಅದೇ ಹೇಳಿಕೆ ಕೊಟ್ಟರೆ ಮುಗಿಯಿತು. ಜೀತದಿಂದ ಬಿಡುಗಡೆಯಾದರು ಅನ್ನುವ ಪತ್ರ ಸಿಗುವುದಿಲ್ಲ. ಅದಿಲ್ಲದಿದ್ದರೆ ಪರಿಹಾರ ಇಲ್ಲ, ಮತ್ತೆ ಅದೇ ಸರ್ದಾರನ ಕೈಗೆ ಬೀಳುವುದೇ.

ಅಕ್ಕ ಶಿಫ್ಟ್ ಮುಗಿಸಿ, ಎರಡು ಬಸ್ ಬದಲಿಸಿ ಬಂದರು. ಬಂದವರೇ ಕೇಸಿನ ಮಾತೇ ಎತ್ತಲಿಲ್ಲ. ಹೆಂಗಸರ ಜೊತೆ ನೆಲದ ಮೇಲೆ ಕೂತು ಊಟ ಮಾಡಿದರು. ಯಾವ ಊರು, ಯಾರ ಮನೆ, ನುವಾಖಾಯ್ ಹಬ್ಬಕ್ಕೆ ಏನು ಮಾಡಿದ್ರಿ ಎಂದು ಅವರದೇ ಮಾತಾದ ಸಂಬಲ್‌ಪುರಿಯಲ್ಲಿ ಕೇಳುತ್ತಾ ಹೋದರು. ಆ ಕಡೆ ಹೊಸ ಅಕ್ಕಿಯ ಹಬ್ಬ ಮುಗಿಯುತ್ತಲೇ ಸರ್ದಾರರು ಮುಂಗಡ ಹಂಚುತ್ತಾರೆ. ಆಮೇಲೆ ಗಂಡ, ಹೆಂಡತಿ, ಮಕ್ಕಳು ಒಂದೇ ಲೆಕ್ಕವಾಗಿ ರೈಲು ಹತ್ತುತ್ತಾರೆ. ಮಳೆಗಾಲದ ತನಕ ಬಿಡುಗಡೆ ಇಲ್ಲ. ಹಬ್ಬದ ಮಾತು ತೆಗೆದರೆ ಸಾಲದ ಮಾತು ತಾನಾಗಿಯೇ ಬರುತ್ತದೆ ಅಂತ ಅಕ್ಕನಿಗೆ ಗೊತ್ತಿತ್ತು.

ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಊರಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲರೂ ಒಟ್ಟಿಗೆ ಹೋಗಬಹುದಿತ್ತಾ?"

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಲೆಯಲ್ಲಿದ್ದ ಹೆಂಗಸೊಬ್ಬರು ಬಾಯಿಬಿಟ್ಟರು. ಚಳಿಗಾಲದಲ್ಲಿ ಅವರ ತಾಯಿ ಹೋಗಿಬಿಟ್ಟಿದ್ದರು. ನೀನು ಬೇಕಾದರೆ ಹೋಗು, ಮಕ್ಕಳು ಇಲ್ಲೇ ಇರಲಿ ಅಂದನಂತೆ ಮಾಲೀಕ. ಮಕ್ಕಳನ್ನು ಬಿಟ್ಟು ಹೋಗಲು ಆಗಲಿಲ್ಲ. ಅವತ್ತೂ ಮಣ್ಣು ಕಲಸಿದರು.

ಜೀತ ಅಂದರೆ ಇದೇ. ಕಾಲಿಗೆ ಸರಪಳಿ ಇರಬೇಕಾಗಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅದು ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಮುಂಗಡ ಕೊಟ್ಟು ಓಡಾಟ ಕಟ್ಟಿಹಾಕುವುದೂ ಜೀತವೇ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಸಾವಿನ ಬಗ್ಗೆ ಕೇಳಬೇಕು ಅನ್ನುವುದು ಅಕ್ಕನಿಗೆ ಮಾತ್ರ ಗೊತ್ತಿತ್ತು.

ನಡುರಾತ್ರಿ ಸರ್ದಾರನ ಫೋನ್ ಬಂತು. ಊರಲ್ಲಿರುವ ಮುದುಕರ ಗತಿ ಏನಾಗುತ್ತೆ ನೋಡಿ ಅಂದ. ಗಂಡಸರು ಗಂಟುಮೂಟೆ ಕಟ್ಟತೊಡಗಿದರು. ವಾಪಸ್ ಗೂಡಿಗೇ ಹೋಗ್ತೀವಿ, ಸಾಲ ತೀರಿಸಿ ಊರಿಗೆ ಹೋಗ್ತೀವಿ ಎಂದರು. ಅವರ ಭಯ ಸುಳ್ಳಲ್ಲ. ನಾವು ಇಲ್ಲೇ ಇರುವವರು, ಅವನು ಅವರ ಊರಿನವನು. ಒಂದು ಎಳೆ ಮಗು ಬಿಡದೆ ಅಳುತ್ತಿತ್ತು. ನಾನು ಹೊರಗೆ ಹೋಗಿ ಕಾಂಪೌಂಡಿನ ಪಕ್ಕ ನಿಂತು ಅತ್ತೆ. ಈ ಕೆಲಸವೇ ಸಾಕು, ನನ್ನ ಕೈಲಾಗಲ್ಲ ಅನ್ನಿಸಿತ್ತು.

ಒಳಗೆ ಬಂದಾಗ ಅಕ್ಕ ಗೋಡೆಯ ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಲೆಕ್ಕ ಬರೆಯುತ್ತಿದ್ದರು. ಯಾರನ್ನೂ ಹೋಗಬೇಡಿ ಅಂದಿರಲಿಲ್ಲ. ದಿನಕ್ಕೆ ಎಷ್ಟು ಇಟ್ಟಿಗೆ ಕೊಯ್ದಿರಿ? ಸಾವಿರಕ್ಕೆ ಎಷ್ಟು ಅಂತ ಮಾತಾಗಿತ್ತು? ವಾರದ ಖರ್ಚಿಗೆ ಎಷ್ಟು ಕೊಟ್ಟ? ಮಳೆ ಬಂದು ಕೆಟ್ಟದ್ದೆಷ್ಟು? ಓದು ಬರಹ ಬಾರದ ಆ ಮನುಷ್ಯರಿಗೆ ಪ್ರತಿ ವಾರದ ಇಟ್ಟಿಗೆ ಬಾಯಲ್ಲೇ ಇತ್ತು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಿದ್ದರು. ಕೊನೆಗೆ ಕೂಡಿ ಕಳೆದು ನೋಡಿದರೆ, ಮುಂಗಡ ಎಂದೋ ತೀರಿಹೋಗಿತ್ತು. ಮಾಲೀಕನೇ ಅವರಿಗೆ ಬಾಕಿ ಕೊಡಬೇಕಿತ್ತು.

ಹಿರಿಯರೊಬ್ಬರು ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಇನ್ನೊಂದು ಸಲ ಓದು ಅಂದರು. ಅಕ್ಕ ಓದಿದರು. ಗಂಟುಗಳು ಬಿಚ್ಚಿದವು. ಬೆಳಗ್ಗೆ ಎಸಿ ಸಾಹೇಬರ ಮುಂದೆ ಆ ಹಿರಿಯರೇ ಮೊದಲು ಮಾತಾಡಿದರು. ಸಾಹೇಬರು ಪೂರ್ತಿ ಕೇಳಿಸಿಕೊಂಡು, ಹೇಳಿದ್ದನ್ನು ಹೇಳಿದ ಹಾಗೇ ಬರೆಸಿದರು. ಅದಕ್ಕೂ ನಾನು ಋಣಿ.

ಅಕ್ಕ ಅವತ್ತು ಕೆಲಸಕ್ಕೆ ಹೋಗಲಾಗಲಿಲ್ಲ. ಆ ತಿಂಗಳ ಅಟೆಂಡೆನ್ಸ್ ಬೋನಸ್ ಹೋಯಿತು. ಕೊಡುತ್ತೇವೆ ಅಂದರೆ ತೆಗೆದುಕೊಳ್ಳಲಿಲ್ಲ. ಊರಿನವರಿಂದ ದುಡ್ಡು ತಗೊಂಡ ಹಾಗಾಗುತ್ತೆ, ಬೇಡ ಅಂದರು.

ಅಲ್ಲಿಂದ ತೀರ್ಪಿನ ತನಕ ಬಂದದ್ದು ನಿಧಾನದ ದಾರಿ. ಬ್ಯಾಂಕ್ ಖಾತೆ ತೆರೆಯುವಾಗ ಕೆಲವು ಹೆಂಗಸರ ಹೆಬ್ಬೆಟ್ಟನ್ನು ಮಷೀನು ಹಿಡಿಯಲೇ ಇಲ್ಲ. ಹಸಿ ಮಣ್ಣಿನಲ್ಲಿ ಸವೆದು ಬೆರಳ ತುದಿ ನುಣ್ಣಗಾಗಿತ್ತು. ಒರೆಸಿ, ಒತ್ತಿ, ಮತ್ತೆ ಒರೆಸಿ, ಮಧ್ಯಾಹ್ನದ ತನಕ ತಾಳ್ಮೆಯಿಂದ ಕೂತಿದ್ದ ಆ ಬ್ಯಾಂಕಿನ ಹುಡುಗಿಗೂ ನನ್ನ ಥ್ಯಾಂಕ್ಸ್.

ಜೀತದ ಕಾಯ್ದೆಯಲ್ಲಿ ಹೆಚ್ಚೆಂದರೆ 3 ವರ್ಷ ಜೈಲು, 2,000 ರೂಪಾಯಿ ದಂಡ. 1976ರಲ್ಲಿ ಬರೆದ ದಂಡ ಇವತ್ತಿಗೂ ಅಷ್ಟೇ ಇದೆ. ಇದನ್ನು ಬದಲಿಸಲೇಬೇಕು, ಸುಮ್ನೆ ಬಿಡುವ ವಿಷಯ ಅಲ್ಲ ಇದು. ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) ಮಾನವ ಕಳ್ಳಸಾಗಣೆಯ 370ನೇ ಸೆಕ್ಷನ್ ಕೂಡ ಹಾಕಿಸಲು ವಕೀಲರು ಹಟ ಹಿಡಿದದ್ದಕ್ಕೇ ಈ ಕೇಸಿಗೆ ಬಲ ಬಂತು. ತಕ್ಷಣದ ನೆರವು ಮೊದಲೇ ಸಿಕ್ಕಿತ್ತು. ಪುನರ್ವಸತಿಯ ಹಣ, ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮಕ್ಕಳಿಗೆ 2 ಲಕ್ಷ, ಶಿಕ್ಷೆಯಾಗುವ ತನಕ ಕಾದಿತ್ತು. ಇನ್ನು ಅದನ್ನು ಕೇಳಿ ಪಡೆಯಬಹುದು.

ಅವರೆಲ್ಲ ಊರಲ್ಲೇ ಇದ್ದಾರೆ. ಇಬ್ಬರು ಮೇಕೆ ಸಾಕುತ್ತಿದ್ದಾರೆ. ತಾಯಿಯ ಸಾವಿಗೆ ಹೋಗಲಾಗದಿದ್ದ ಆ ಹೆಂಗಸು ಮಹಿಳಾ ಸಂಘ ಸೇರಿದ್ದಾರೆ, ಮಗಳು ಶಾಲೆಗೆ ಹೋಗುತ್ತಿದ್ದಾಳೆ. ತೀರ್ಪಿನ ಸುದ್ದಿಯನ್ನು ಅವರಿಗೆ ಫೋನಿನಲ್ಲಿ ಹೇಳಿದ್ದೂ ಅಕ್ಕನೇ.

ಮುಂದಿನ ವಾರ ತೀರ್ಪಿನ ಪ್ರತಿ ಸಿಗುತ್ತದೆ. ಎಲ್ಲರ ಅರ್ಜಿಯನ್ನೂ ಒಟ್ಟಿಗೇ ಬಲಂಗೀರ್ ಜಿಲ್ಲಾಡಳಿತಕ್ಕೆ ಕಳಿಸುತ್ತೇವೆ. ಒಡಿಯಾ ಓದಲು, ಬರೆಯಲು ಬರುವವರು ಇದ್ದರೆ ದಯವಿಟ್ಟು ಒಂದು ಭಾನುವಾರ ಬನ್ನಿ. ಅಕ್ಕನೂ ಇರುತ್ತಾರೆ.