ಬಲಿಯದ ಕಾಯಿಯಲ್ಲಿ ಎಣ್ಣೆ ಎಲ್ಲಿಂದ ಬರಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಧಾರಣೆ ಪಟ್ಟಿಯಲ್ಲಿ ಸುಲಿದ ತೆಂಗಿನಕಾಯಿಗೆ ಕಿಲೋಗೆ ಇಷ್ಟು, ಕೊಬ್ಬರಿಗೆ ಇಷ್ಟು ಎಂದು ಬರುತ್ತದೆ. ಬಲಿತ ಕಾಯಿ, ಎಳೆ ಕಾಯಿ ಎಂಬ ಭೇದ ಆ ಪಟ್ಟಿಯಲ್ಲಿಲ್ಲ, ಏಕೆಂದರೆ ಪೇಟೆಯಲ್ಲೇ ಇಲ್ಲ. ಇದರಿಂದ ಆಗುತ್ತಿರುವ ನಷ್ಟವನ್ನು ಬದಿಯಡ್ಕದ ಬಳಿ ಕೊಬ್ಬರಿ ಗಾಣ ನಡೆಸುವ ನಾನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ.

2025ರಲ್ಲಿ ತೆಂಗಿನೆಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿದ ಮೇಲೆ ಕಾಯಿ ಇಳಿಸುವ ಆತುರ ಎಲ್ಲರಿಗೂ ಹೆಚ್ಚಿತು. ಮರ ಹತ್ತುವವರು ಸಿಗುವುದೇ ಅಪರೂಪ, ಸಿಕ್ಕಿದರೆ ಮರಕ್ಕೆ ಇಷ್ಟೆಂದು ಕೂಲಿ. ‘ಹೇಗೂ ಹತ್ತಿದ್ದೀರಿ, ಇನ್ನೊಂದು ಗೊನೆಯನ್ನೂ ಇಳಿಸಿಬಿಡಿ’ ಎಂದು ಕೆಳಗೆ ನಿಂತವರು ಹೇಳುತ್ತಾರೆ. ಆ ಇನ್ನೊಂದು ಗೊನೆಯ ಕಾಯಿಗೆ ಒಂಬತ್ತು ತಿಂಗಳೂ ತುಂಬಿರುವುದಿಲ್ಲ. ಅದನ್ನು ಒಡೆದು, ಒಣಗಿಸಿ ಗಾಣಕ್ಕೆ ತರುತ್ತಾರೆ. ಎಣ್ಣೆ ಅಳೆದು ಕೊಟ್ಟಾಗ ಮುಖ ಸಣ್ಣದಾಗುತ್ತದೆ. ‘ಕಳೆದ ಸಲ ಇಷ್ಟೇ ಕೊಬ್ಬರಿಗೆ ಇದಕ್ಕಿಂತ ಹೆಚ್ಚು ಬಂದಿತ್ತಲ್ಲ ಅಕ್ಕಾ, ಉಳಿದದ್ದು ಎಲ್ಲಿಗೆ ಹೋಯಿತು?’ ಎಂದು ಕೇಳುವವರು ತಕ್ಕಡಿಯ ಕಡೆಗೂ ಒಮ್ಮೆ ನೋಡುತ್ತಾರೆ. ಆ ನೋಟ ನನಗೆ ನೋವು ಕೊಡುತ್ತದೆ. ಉಳಿದದ್ದು ಎಲ್ಲಿಗೂ ಹೋಗಿಲ್ಲ. ಅದು ತಿರುಳಿಗೆ ಬಂದೇ ಇರಲಿಲ್ಲ.

ಹಿಂಗಾರ, ಅಂದರೆ ತೆಂಗಿನ ಹೂಗೊಂಚಲು, ಬಿರಿದು ಕಾಯಿ ಕಟ್ಟಿದ ಮೇಲೆ ಅದು ಪೂರ್ತಿ ಬಲಿಯಲು ಸುಮಾರು 12 ತಿಂಗಳು ಬೇಕು. ಮೊದಲರ್ಧದಲ್ಲಿ ಬೆಳೆಯುವುದು ಸಿಪ್ಪೆ, ಗೆರಟೆ ಮತ್ತು ಒಳಗಿನ ನೀರು. ಆರನೆಯ ತಿಂಗಳ ಹೊತ್ತಿಗೆ ಗೆರಟೆಯ ಒಳಮೈಗೆ ಲೋಳೆಯಂಥ ತಿರುಳು ಕಟ್ಟತೊಡಗುತ್ತದೆ, ಅದೂ ಕಣ್ಣುಗಳಿಗೆ ಎದುರಾದ ತುದಿಯಲ್ಲಿ ಮೊದಲು. ಬೊಂಡ ಕುಡಿದು ನಾವು ಕೆರೆದು ತಿನ್ನುವ ತಿರುಳಿನಲ್ಲಿ ಇರುವುದು ಹೆಚ್ಚಿನಂಶ ನೀರು, ಸ್ವಲ್ಪ ಸಕ್ಕರೆ. ಎಣ್ಣೆ ಹೆಸರಿಗೆ ಮಾತ್ರ.

ಎಣ್ಣೆ ಕೂಡುವುದು ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ. ಮಡಲುಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಗೊನೆಯ ದಂಟಿನ ಮೂಲಕ ಕಾಯಿಗೆ ಇಳಿಯುತ್ತದೆ. ತಿರುಳಿನ ಜೀವಕೋಶಗಳು ಆ ಸಕ್ಕರೆಯನ್ನು ಒಡೆದು, ಇಂಗಾಲದ ಎರಡೆರಡು ಪರಮಾಣುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸುತ್ತ ಹೋಗುತ್ತವೆ. ಹೀಗೆ ಕೊಬ್ಬಿನ ಆಮ್ಲದ ಸರಪಣಿ ಬೆಳೆಯುತ್ತದೆ. ನೆಲಗಡಲೆ, ಎಳ್ಳಿನಲ್ಲಿ ಈ ಸರಪಣಿ ಹೆಚ್ಚಾಗಿ 16 ಅಥವಾ 18 ಇಂಗಾಲದಷ್ಟು ಉದ್ದ. ತೆಂಗಿನಲ್ಲಿ ಮಾತ್ರ ಒಂದು ಕಿಣ್ವ ಬಹುಪಾಲು ಸರಪಣಿಗಳನ್ನು 12ಕ್ಕೇ ತುಂಡರಿಸುತ್ತದೆ. ಅದೇ ಲಾರಿಕ್ ಆಮ್ಲ. ಬಲಿತ ಕಾಯಿಯ ಎಣ್ಣೆಯಲ್ಲಿ ಸುಮಾರು ಅರ್ಧಪಾಲು ಅದೇ. ನಮ್ಮ ಎಣ್ಣೆ ಧನು ತಿಂಗಳ ಚಳಿಗೆ ಶೀಶೆಯಲ್ಲಿ ಗಟ್ಟಿಯಾಗುವುದಕ್ಕೂ ಇಂಥ ಆಮ್ಲಗಳೇ ಕಾರಣ. ಮೂರು ಮೂರು ಸರಪಣಿಗಳು ಒಂದು ಗ್ಲಿಸರಾಲ್ ಕಣಕ್ಕೆ ಸೇರಿದರೆ ಎಣ್ಣೆ. ಅದು ಸಣ್ಣ ಸಣ್ಣ ಹನಿಗಳಾಗಿ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಎಳೆ ತಿರುಳಿನಲ್ಲಿ ಇರುವ ಅಲ್ಪಸ್ವಲ್ಪ ಎಣ್ಣೆಯಲ್ಲಿ ಲಾರಿಕ್ ಆಮ್ಲದ ಪಾಲೂ ಕಡಿಮೆ. ಮರ ಇದನ್ನೆಲ್ಲ ಮಾಡುವುದು ನಮ್ಮ ಒಗ್ಗರಣೆಗಲ್ಲ, ಮೊಳಕೆಯ ಬುತ್ತಿಗೆ. ಬುತ್ತಿ ಕಟ್ಟಿ ಮುಗಿಯುವ ಮೊದಲೇ ದಂಟು ಕಡಿದರೆ ಸಕ್ಕರೆಯ ಹರಿವೇ ನಿಂತಿತು.

ಬಲಿತ ಹಸಿ ತಿರುಳಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ. ಅದು ಚೆನ್ನಾಗಿ ಒಣಗಿ ಕೊಬ್ಬರಿಯಾದರೆ 100 ಕಿಲೋದಲ್ಲಿ 65ರಿಂದ 68 ಕಿಲೋ ಎಣ್ಣೆ ಇರುತ್ತದೆ. ಗಾಣದಲ್ಲಿ 60 ಕಿಲೋಗೂ ಮಿಕ್ಕಿ ಇಳಿಯುತ್ತದೆ, ಉಳಿದದ್ದು ಹಿಂಡಿಯ ಪಾಲು. ಒಣಗಿಸಿದರೆ ನೀರು ಹೋಗುತ್ತದೆಯೇ ಹೊರತು ಎಣ್ಣೆ ಹುಟ್ಟುವುದಿಲ್ಲ. ಹನ್ನೊಂದು ತಿಂಗಳ ಕಾಯನ್ನು ಸಿಪ್ಪೆಸಮೇತ ಕೆಲವು ವಾರ ನೆರಳಿನಲ್ಲಿ ರಾಶಿ ಹಾಕಿದರೆ ಕೊಬ್ಬರಿಯ ಗುಣ ಸುಧಾರಿಸುತ್ತದೆ, ಹಿರಿಯರು ಮಾಡುತ್ತಿದ್ದುದು ಅದನ್ನೇ. ಎಂಟು, ಒಂಬತ್ತು ತಿಂಗಳ ಕಾಯಿಗೆ ಆ ಉಪಾಯ ನಡೆಯದು.

ಗುರುತಿಸುವುದೂ ಕಷ್ಟವಲ್ಲ. ಬಲಿತ ಕಾಯನ್ನು ಕಿವಿಯ ಬಳಿ ಅಲುಗಿಸಿದರೆ ನೀರು ಕುಲುಕುವ ಸದ್ದು ಕೇಳುತ್ತದೆ. ಎಳೆಯದರಲ್ಲಿ ನೀರು ಭರ್ತಿ ಇರುವುದರಿಂದ ಸದ್ದಿಲ್ಲ. ಒಡೆದ ಹೋಳಿನಿಂದ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಬಲಿತದ್ದು ಕಟಕ್ಕೆಂದು ಮುರಿದು ಜಗಿದಂತೆ ಹಾಲು ಬಿಡುತ್ತದೆ. ಎಳೆಯದು ಸಿಹಿಯಾಗಿ, ನೀರುನೀರಾಗಿರುತ್ತದೆ. ಒಣಗಿದ ಮೇಲೆ ಎಳೆ ಹೋಳು ತೆಳ್ಳಗಾಗಿ ಒಳಕ್ಕೆ ಸುರುಟಿಕೊಂಡು, ಎರಡು ಕೈಯಲ್ಲಿ ಬಗ್ಗಿಸಿದರೆ ಮುರಿಯದೆ ಬಾಗುತ್ತದೆ. ಮಳೆಗಾಲದಲ್ಲಿ ಬೂಷ್ಟು ಮೊದಲು ಹಿಡಿಯುವುದೂ ಅದಕ್ಕೇ. ಹೊಸ ನೆಲಗಡಲೆಯನ್ನು ಕಿತ್ತಾಗ ಜೊಳ್ಳು ಜೊಳ್ಳಾದ ಎಳೆ ಬೀಜ ಸಿಹಿಯಾಗಿರುವುದಕ್ಕೂ ಕಾರಣ ಇದೇ, ಸಕ್ಕರೆ ಇನ್ನೂ ಎಣ್ಣೆಯಾಗಿಲ್ಲ.

ಇಷ್ಟಿದ್ದರೂ ಎಳೆ ಕಾಯಿ ಪೇಟೆಯಲ್ಲಿ ಸಲೀಸಾಗಿ ಬಿಕರಿಯಾಗುತ್ತದೆ. ವ್ಯಾಪಾರ ನಡೆಯುವುದು ತೂಕದ ಮೇಲೆ, ತೂಕ ಕೊಡುವುದು ನೀರು. ಬಲಿಯುತ್ತ ಹೋದಂತೆ ಕಾಯಿಯ ನೀರು ಇಳಿಯುತ್ತದೆ, ತಿರುಳು ದಪ್ಪವಾಗುತ್ತದೆ. ಅಂದರೆ ಹನ್ನೆರಡು ತಿಂಗಳು ಕಾದ ಕೃಷಿಕನಿಗೆ ತಕ್ಕಡಿಯಲ್ಲಿ ನಷ್ಟ, ಅವಸರ ಮಾಡಿದವನಿಗೆ ಲಾಭ! ಇದು ಅನ್ಯಾಯ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನೀರಿಗೆ ಎಣ್ಣೆಯ ಬೆಲೆ ಕೊಟ್ಟ ಹೊರೆ ಕೊನೆಗೆ ಎಣ್ಣೆ ಕೊಳ್ಳುವ ಮನೆಗಳ ಮೇಲೆಯೇ ಬೀಳುತ್ತದೆ. ಸಹಕಾರಿ ಸಂಘಗಳಾದರೂ ಖರೀದಿಯಲ್ಲಿ ಬಲಿತ ಕಾಯನ್ನು ಬೇರ್ಪಡಿಸಿ ಹೆಚ್ಚಿನ ದರ ಕೊಡಲು ಆರಂಭಿಸಬೇಕು. ಒಬ್ಬರು ಶುರು ಮಾಡಿದರೆ ಉಳಿದ ವರ್ತಕರೂ ಬರುತ್ತಾರೆ.

ಮರ ಹತ್ತುವವರಲ್ಲೂ ಒಂದು ಕೋರಿಕೆ. ಗೊನೆಗೆ ಆಸರೆಯಾದ ಹಸಿ ಮಡಲನ್ನು ದಾರಿಗೆ ಅಡ್ಡವೆಂದು ಕಡಿಯಬೇಡಿ. ಕಾಯಿಗೆ ಸಕ್ಕರೆ ಉಣಿಸುವುದು ಹಸಿ ಮಡಲುಗಳೇ. ಆರೋಗ್ಯವಂತ ಮರ ತಿಂಗಳಿಗೆ ಸುಮಾರು ಒಂದು ಹಿಂಗಾರ ಬಿಡುವುದರಿಂದ, ಹೊಸದಾಗಿ ಬಿರಿದದ್ದರಿಂದ ಕೆಳಗೆ ಎಣಿಸುತ್ತ ಬಂದರೆ ಯಾವ ಗೊನೆಗೆ ಎಷ್ಟು ತಿಂಗಳೆಂದು ಅಂದಾಜಾಗುತ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಹತ್ತುವ ತರಬೇತಿ ಆರಂಭಿಸಿತು. ಅಂಥ ಶಿಬಿರಗಳಲ್ಲಿ ಈ ಎಣಿಕೆಯನ್ನೂ ಕಲಿಸಲಿ, ನಮ್ಮ ಕಡೆ ಕನ್ನಡದಲ್ಲೇ ಕಲಿಸಲಿ.

1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಕಾಸರಗೋಡು. ಸಿಪಿಸಿಆರ್‌ಐ (ಇಲ್ಲಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳಿಂದ ಕಾಯಿ ತಿಂಗಳು ತಿಂಗಳಿಗೆ ಹೇಗೆ ಬಲಿಯುತ್ತದೆ ಎಂಬುದನ್ನು ಚಿತ್ರಸಹಿತ ಬರೆಸಿ, ಮಳೆಗಾಲ ಹಿಡಿಯುವ ಮೊದಲು ನಿಮ್ಮ ಕೃಷಿ ಪುಟದಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆ ಪುಟವನ್ನು ನಾನು ಗಾಣದ ಬಾಗಿಲಿಗೇ ಅಂಟಿಸುತ್ತೇನೆ.

ಇತಿ,
ಕೊಬ್ಬರಿ ಗಾಣದ ಮಾಲಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ