ಮಗಳಿಗೊಂದು ಪತ್ರ: ಯಾರೂ ಕೇಳದ ಮೊದಲ ಮೂರು ವಾರ

ಪ್ರೀತಿಯ ಮಗಳೇ,

ಇಲ್ಲಿಯವರೆಗೆ ನಿನ್ನ ಓದಿನ ಲೆಕ್ಕ ಇಟ್ಟವರು ಬೇರೆಯವರು. ಹೋಂವರ್ಕ್ ಆಯಿತಾ ಅಂತ ಟೀಚರ್ ಕೇಳುತ್ತಿದ್ದರು, ಟೆಸ್ಟ್ ಯಾವಾಗ ಅಂತ ಮನೆಯಲ್ಲಿ ನಾವು ಕೇಳುತ್ತಿದ್ದೆವು. ವಿಶ್ವವಿದ್ಯಾಲಯದಲ್ಲಿ ಹಾಗೆ ಕೇಳುವವರಿಲ್ಲ. ಮೊದಲ ಮೂರು ವಾರ ಪರೀಕ್ಷೆಯಿಲ್ಲ, ಸಲ್ಲಿಸಬೇಕಾದದ್ದೂ ಅಷ್ಟಿರುವುದಿಲ್ಲ, ಎಲ್ಲ ಸಲೀಸಾಗಿದೆ ಅನ್ನಿಸುತ್ತದೆ. ಸೆಮಿಸ್ಟರ್ ಕೈತಪ್ಪುವುದು ಹೆಚ್ಚಾಗಿ ಆಗಲೇ. ಗೊತ್ತಾಗುವುದು ಮಾತ್ರ ಎಂಟನೇ ವಾರದಲ್ಲಿ, ನಾಲ್ಕು ವಿಷಯಗಳ ಕೆಲಸ ಒಟ್ಟಿಗೆ ಮೈಮೇಲೆ ಬಿದ್ದಾಗ. ಅದಕ್ಕೇ ಈ ಪತ್ರದ ಬಹುಪಾಲು ಮೊದಲ ತಿಂಗಳಲ್ಲೇ ಮಾಡಿಕೊಳ್ಳಬೇಕಾದ ಕೆಲಸಗಳ ಬಗ್ಗೆ.

ಸಿಲಬಸ್ ಕೈಗೆ ಸಿಕ್ಕ ದಿನವೇ ಪೂರ್ತಿ ಓದು. ಪಾಠಗಳ ಪಟ್ಟಿಗಿಂತ ಅದರ ಕೊನೆಯ ಪುಟಗಳು ಮುಖ್ಯ: ಯಾವುದಕ್ಕೆ ಎಷ್ಟು ಅಂಕ, ತಡವಾದರೆ ಎಷ್ಟು ಕಡಿತ, ಹಾಜರಾತಿ ಎಷ್ಟಿರಬೇಕು. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಸೆಮಿಸ್ಟರಿನ ಎಲ್ಲ ವಾರಗಳನ್ನೂ ಗೆರೆ ಹಾಕಿ, ಎಲ್ಲ ವಿಷಯಗಳ ದಿನಾಂಕಗಳನ್ನು ಅದೊಂದರಲ್ಲೇ ತುಂಬು. ಬೇರೆ ಬೇರೆ ನೋಟ್‌ಬುಕ್ಕಿನಲ್ಲಿದ್ದರೆ ಒಂದೇ ವಾರದಲ್ಲಿ ಮೂರು ಅಸೈನ್‌ಮೆಂಟ್ ಬಿದ್ದಿರುವುದು ಕಣ್ಣಿಗೆ ಬೀಳುವುದೇ ಇಲ್ಲ.

ಕೊನೆಯ ದಿನಾಂಕವನ್ನು ಎಲ್ಲರೂ ಬರೆದುಕೊಳ್ಳುತ್ತಾರೆ, ಶುರು ಮಾಡುವ ದಿನಾಂಕ ಬರೆದುಕೊಳ್ಳುವವರು ಕಡಿಮೆ. 2,000 ಪದಗಳ ಪ್ರಬಂಧ ಇದೆ ಎಂದುಕೋ. ಕೊನೆಯ ದಿನದಿಂದ ಹಿಂದಕ್ಕೆ ಎಣಿಸು: ತಿದ್ದಲು 2 ದಿನ, ಬರೆಯಲು 4 ದಿನ, ಓದಿ ಟಿಪ್ಪಣಿ ಮಾಡಲು 5 ದಿನ, ಪುಸ್ತಕ ಹುಡುಕಲು 1 ದಿನ, ಮಧ್ಯೆ ಏನಾದರೂ ಅಡ್ಡಿ ಬಂದರೆ ಎಂದು ಇನ್ನೆರಡು ದಿನ. ಎರಡು ವಾರ ಆಯಿತು. ಆ ಹದಿನಾಲ್ಕನೇ ದಿನವನ್ನು ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕು.

ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಸ್ವಂತ ಓದು ಎಂಬ ಲೆಕ್ಕ ಸುಮಾರಾಗಿ ಸರಿ. ವಾರಕ್ಕೆ 15 ಗಂಟೆ ಕ್ಲಾಸ್ ಇದ್ದರೆ ಒಟ್ಟು 45 ಗಂಟೆ, ಅಂದರೆ ಪೂರ್ತಿ ಉದ್ಯೋಗದಷ್ಟು. ವೇಳಾಪಟ್ಟಿಯಲ್ಲಿ ಖಾಲಿ ಕಾಣುವ ಜಾಗ ರಜೆಯಲ್ಲ. ಎರಡು ಕ್ಲಾಸುಗಳ ನಡುವಿನ 50 ನಿಮಿಷ ಫೋನಿಗೆ ಹೋಗದಿರಬೇಕಾದರೆ, ಹಿಂದಿನ ರಾತ್ರಿಯೇ ಅದಕ್ಕೆ ಒಂದು ಕೆಲಸ ಗೊತ್ತು ಮಾಡಿರು. ‘ಓದಬೇಕು’ ಅಂತ ಬರೆದರೆ ಸಾಲದು. ‘ಮೂರನೇ ಅಧ್ಯಾಯದ ಮೊದಲ ಐದು ಲೆಕ್ಕ’ ಅಂತ ಬರೆದರೆ ಕೂತ ಕೂಡಲೇ ಕೈ ಓಡುತ್ತದೆ.

ಈಗ ಓದುವ ಬಗೆಗೆ ಬರುತ್ತೇನೆ. ಬುದ್ಧಿವಂತ ಮಕ್ಕಳೂ ಇಲ್ಲೇ ಎಡವುತ್ತಾರೆ. ನೋಟ್ಸನ್ನು ಮತ್ತೆ ಮತ್ತೆ ಓದಿ ಹಳದಿ ಹೈಲೈಟರ್ ಎಳೆದರೆ ಎಲ್ಲ ಪರಿಚಿತ ಅನ್ನಿಸುತ್ತದೆ. ಪರಿಚಿತ ಅನ್ನಿಸುವುದು ಬೇರೆ, ಖಾಲಿ ಹಾಳೆಯ ಮುಂದೆ ನೆನಪಿಗೆ ಬರುವುದು ಬೇರೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಒಂದು ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಆದರೆ ಒಂದು ಸಲ ಓದಿ, ಎರಡನೇ ಸಲ ಪಾಠ ನೋಡದೆ ನೆನಪಿನಿಂದ ಬರೆದವರು ಒಂದು ವಾರದ ನಂತರ ಅವರನ್ನು ಸಾಕಷ್ಟು ಹಿಂದೆ ಹಾಕಿದರು. ಹಿಂದಿನ ರಾತ್ರಿ ಓದಿದ್ದೆಲ್ಲ ಬೆಳಗಿನ ಪರೀಕ್ಷೆಗೆ ನೆನಪಿದ್ದು, ಮುಂದಿನ ಸೆಮಿಸ್ಟರಿಗೆ ಆವಿಯಾಗುವುದು ಇದೇ ಕಾರಣಕ್ಕೆ.

ನೀನು ಹೀಗೆ ಮಾಡು. ನೋಟ್ಸ್ ಹಾಳೆಯ ಎಡಗಡೆ ಮೂರು ಬೆರಳಗಲ ಬಿಟ್ಟು ಉದ್ದಕ್ಕೆ ಗೆರೆ ಎಳೆ. ಕ್ಲಾಸಿನಲ್ಲಿ ಬಲಗಡೆ ಮಾತ್ರ ಬರೆ. ಹೇಳಿದ್ದನ್ನೆಲ್ಲ ಇಳಿಸಬೇಡ, ವಾದ ಮತ್ತು ಉದಾಹರಣೆ ಸಾಕು. ಅದೇ ಸಂಜೆ 15 ನಿಮಿಷ ಕೂತು, ಬಲಗಡೆಯ ಪ್ರತಿ ತುಣುಕಿಗೂ ಎಡಗಡೆ ಒಂದು ಪ್ರಶ್ನೆ ಬರೆ. ಸಂಜೆಯೇ ಯಾಕೆಂದರೆ, ಅರ್ಧಕ್ಕೆ ನಿಂತ ವಾಕ್ಯ ಏನಿತ್ತು ಎಂಬುದು ಎರಡು ದಿನ ಕಳೆದರೆ ನಿನಗೇ ತಿಳಿಯುವುದಿಲ್ಲ. ಮೂರು ದಿನದ ನಂತರ ಬಲಗಡೆಯನ್ನು ಇನ್ನೊಂದು ಹಾಳೆಯಿಂದ ಮುಚ್ಚಿ, ಪ್ರಶ್ನೆಗಳಿಗೆ ಬಾಯಿಬಿಟ್ಟು ಉತ್ತರ ಹೇಳು. ಬಾರದ್ದಕ್ಕೆ ಚುಕ್ಕೆ ಹಾಕು. ಹತ್ತು ದಿನದ ನಂತರ ಚುಕ್ಕೆ ಹಾಕಿದವು ಮಾತ್ರ, ತಿಂಗಳಿಗೊಮ್ಮೆ ಎಲ್ಲವೂ. ಹೀಗೆ ಮಾಡುವಾಗ ತಲೆ ಸವೆದಂತೆ ಅನ್ನಿಸುತ್ತದೆ, ಓದಿದ್ದೇ ಸರಿಯಾಗಿಲ್ಲವೇನೋ ಎಂಬ ಅನುಮಾನವೂ ಬರುತ್ತದೆ. ಬಿಡಬೇಡ, ಆ ತಿಣುಕಾಟದಿಂದಲೇ ನೆನಪು ಗಟ್ಟಿಯಾಗುವುದು.

ಗಣಿತ, ಭೌತಶಾಸ್ತ್ರದಲ್ಲಿ ಬಿಡಿಸಿಟ್ಟ ಲೆಕ್ಕ ಓದಿ ‘ಗೊತ್ತಾಯ್ತು’ ಅಂದುಕೊಳ್ಳುವುದೂ ಇದೇ ಮೋಸ. ಮುಚ್ಚಿಟ್ಟು ಮೊದಲಿನಿಂದ ಬಿಡಿಸು. 20 ನಿಮಿಷ ಒದ್ದಾಡಿದರೂ ಮುಂದೆ ಹೋಗದಿದ್ದರೆ, ನಿಂತ ಸಾಲಿನ ಪಕ್ಕ ಗುರುತು ಹಾಕಿ ಪ್ರಾಧ್ಯಾಪಕರ ಹತ್ತಿರ ಹೋಗು. ಅವರು ವಿದ್ಯಾರ್ಥಿಗಳಿಗೆಂದು ಇಟ್ಟ ಸಮಯದಲ್ಲಿ ಎಷ್ಟೋ ಸಲ ಯಾರೂ ಹೋಗುವುದಿಲ್ಲ. ‘ಏನೂ ಅರ್ಥ ಆಗಲಿಲ್ಲ’ ಎಂದರೆ ಅವರಿಗೂ ಎಲ್ಲಿಂದ ಶುರು ಮಾಡುವುದೋ ತಿಳಿಯದು. ‘ಎರಡನೇ ಸಾಲಿನಿಂದ ಮೂರನೇ ಸಾಲು ಹೇಗೆ ಬಂತು, ನಾನು ಹೀಗೆ ಮಾಡಿದೆ’ ಎಂದು ಹಾಳೆ ಮುಂದಿಟ್ಟರೆ ಐದು ನಿಮಿಷದಲ್ಲಿ ಬಗೆಹರಿಯುತ್ತದೆ. ಇಮೇಲ್ ಬರೆದರೂ ಅಷ್ಟೇ: ವಿಷಯದ ಸಾಲಿನಲ್ಲಿ ಕೋರ್ಸಿನ ಹೆಸರು, ಒಳಗೆ ನಿನ್ನ ಹೆಸರು, ರಿಜಿಸ್ಟರ್ ನಂಬರ್, ಒಂದೇ ಪ್ರಶ್ನೆ.

ತಿದ್ದಿದ ಉತ್ತರಪತ್ರಿಕೆ ವಾಪಸ್ ಬಂದಾಗ ಅಂಕ ನೋಡಿ ಮಡಚಿಡಬೇಡ. ಹೋದ ಪ್ರತಿ ಅಂಕದ ಪಕ್ಕ ಕಾರಣ ಬರೆ: ಗೊತ್ತಿರಲಿಲ್ಲವೋ, ಪ್ರಶ್ನೆ ತಪ್ಪಾಗಿ ಓದಿದೆಯೋ, ಸಮಯ ಸಾಲಲಿಲ್ಲವೋ. ಮೂರಕ್ಕೂ ಮದ್ದು ಬೇರೆ. ಸಮಯ ಸಾಲದವಳು ಇನ್ನಷ್ಟು ಓದಿದರೆ ಪ್ರಯೋಜನವಿಲ್ಲ, ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬರೆದು ಅಭ್ಯಾಸ ಮಾಡಬೇಕು.

ಕೃತಿಚೌರ್ಯದ ಆರೋಪಕ್ಕೆ ಸಿಕ್ಕಿಬೀಳುವವರೆಲ್ಲ ಕದಿಯಲೆಂದೇ ಹೊರಟವರಲ್ಲ. ಪುಸ್ತಕದ ಸಾಲು ಟಿಪ್ಪಣಿಗೆ ಇಳಿಸುವಾಗ ಉದ್ಧರಣ ಚಿಹ್ನೆ ಹಾಕಿರುವುದಿಲ್ಲ, ತಿಂಗಳ ನಂತರ ಅದು ತಮ್ಮದೇ ಸಾಲು ಅನ್ನಿಸಿ ಪ್ರಬಂಧಕ್ಕೆ ಸೇರುತ್ತದೆ. ಇಳಿಸುವ ಕ್ಷಣದಲ್ಲೇ ಚಿಹ್ನೆ, ಲೇಖಕರ ಹೆಸರು, ಪುಟಸಂಖ್ಯೆ ಮೂರೂ ಬೀಳಲಿ. ಎಐ ಉಪಕರಣ ಬಳಸಬಹುದೇ, ಎಷ್ಟರ ಮಟ್ಟಿಗೆ ಎಂಬ ನಿಯಮ ಕೋರ್ಸಿನಿಂದ ಕೋರ್ಸಿಗೆ ಬೇರೆ, ಮೊದಲೇ ಕೇಳಿಕೋ. ಬರೆದದ್ದರ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಕ್ಲೌಡಿನಲ್ಲಿ ಇರಲಿ.

ಗ್ರೂಪ್ ಪ್ರಾಜೆಕ್ಟ್ ಕೆಡುವುದು ಸೋಮಾರಿಗಳಿಂದ ಮಾತ್ರ ಅಲ್ಲ. ನಾಲ್ವರೂ ಚೆನ್ನಾಗಿ ಬರೆದಿರುತ್ತಾರೆ, ಕೂಡಿಸಿದಾಗ ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ದಿನವೇ ಯಾರು ಏನು, ಯಾವ ದಿನ ಎಂದು ಬರೆದು ಎಲ್ಲರಿಗೂ ಕಳಿಸು. ಎಲ್ಲರ ಭಾಗವೂ ಕೊನೆಯ ದಿನಕ್ಕಿಂತ ನಾಲ್ಕು ದಿನ ಮೊದಲು ಒಬ್ಬರ ಕೈ ಸೇರಲಿ, ಅವರು ಪೂರ್ತಿ ಹೊಲಿದು ಒಂದು ಮಾಡಲಿ.

ನಿದ್ದೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಕಟ್ಟುನಿಟ್ಟಾಗಿ. ನಿನ್ನ ವಯಸ್ಸಿಗೆ 7ರಿಂದ 9 ಗಂಟೆ ಬೇಕು. ಮಲಗುವ ಹೊತ್ತು ಏರುಪೇರಾದರೂ ಏಳುವ ಹೊತ್ತು ಒಂದೇ ಇರಲಿ, ರಜೆಯಲ್ಲೂ. ಕಾಫಿಯ ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಸಂಜೆಯ ಮೇಲೆ ಬೇಡ. ಹಗಲು ಕಲಿತದ್ದು ನೆಲೆಯೂರುವುದೇ ನಿದ್ದೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟರೆ ಓದಿದ್ದೂ ಕೈಕೊಡುತ್ತದೆ. ದುಡ್ಡಿನ ಬಗ್ಗೆಯೂ ಒಂದು ಮಾತು: ಅದನ್ನು ತಿಂಗಳಿಗಲ್ಲ, ವಾರಕ್ಕೆ ಪಾಲು ಮಾಡು.

ಪ್ರತಿ ಕ್ಲಾಸಿನಲ್ಲೂ ಇಬ್ಬರ ನಂಬರ್ ಮೊದಲ ವಾರವೇ ತೆಗೆದುಕೋ, ನಿನ್ನದೂ ಕೊಡು. ಆಗ ಅಲ್ಲಿ ಎಲ್ಲರೂ ಹೊಸಬರು, ಮಾತಾಡಿಸಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಐದು ಸಂಘ ಸೇರಬೇಡ. ಒಂದಕ್ಕೆ ಸೇರಿ ವಾರವಾರ ಹೋಗು. ಸ್ನೇಹ ಬೆಳೆಯುವುದು ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುವುದರಿಂದ.

ಜ್ವರ ಬಂದರೆ, ಕೆಲಸ ಮುಗಿಯದು ಅನ್ನಿಸಿದರೆ, ಸಲ್ಲಿಸುವ ದಿನ ದಾಟುವ ಮೊದಲೇ ಇನ್ನಷ್ಟು ಸಮಯ ಕೇಳು. ದಾಟಿದ ಮೇಲೆ ಕೇಳಿದರೆ ನೆಪದಂತೆ ಕೇಳಿಸುತ್ತದೆ. ವೈದ್ಯರ ಚೀಟಿ ಜೋಪಾನ ಮಾಡು. ಒಂದು ಕೋರ್ಸ್ ತೀರಾ ಭಾರವಾದರೆ ಅದನ್ನು ಬಿಡಲು ಕೊನೆಯ ದಿನ ಯಾವುದೆಂದು ಕಚೇರಿಯಲ್ಲಿ ವಿಚಾರಿಸು. ಮತ್ತೆ, ಎರಡು ವಾರ ನಿದ್ದೆ, ಊಟ, ಕ್ಲಾಸು ಯಾವುದೂ ಹತ್ತದೆ ಹೋದರೆ ಅದನ್ನು ಸೋಮಾರಿತನ ಅಂದುಕೊಂಡು ನಿನ್ನನ್ನೇ ಬೈದುಕೊಳ್ಳಬೇಡ. ಕೌನ್ಸೆಲರ್ ಹತ್ತಿರ ಅಥವಾ ವೈದ್ಯರ ಹತ್ತಿರ ಹೋಗು. ಅದೇ ದಿನ ನಮಗೂ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ಅಂಕದ ಮಾತು ಆಮೇಲೆ ಆಡೋಣ.

ಪ್ರೀತಿಯಿಂದ,
ನಿನ್ನ ಅಮ್ಮ